ಹಿರಿಯರ ಪ್ಲೇಟುಗಳೂ ಫೋನೋ ಪ್ರಿಆಂಪ್ಲಿಫೈಯರೂ



ಹಿರಿಯರು ಬಿಟ್ಟುಹೋದ ಬೆಳ್ಳಿ ಬಂಗಾರಕ್ಕೆ ನಮ್ಮ ಮನೆಗಳಲ್ಲಿ ತಿಜೋರಿಯುಂಟು. ಅವರು ಓದಿದ ಗ್ರಂಥಗಳಿಗೆ ದೇವರ ಜಗುಲಿಯುಂಟು. ಆದರೆ ಅವರು ಹೊಟ್ಟೆಬಟ್ಟೆ ಕಟ್ಟಿ ಕೊಂಡು ತಂದ ಗ್ರಾಮಫೋನ್ ಪ್ಲೇಟುಗಳಿಗೆ ಮಾತ್ರ ಅಟ್ಟವೇ ಗತಿ. ಅಟ್ಟದಿಂದ ಗುಜರಿಯವನ ಗಾಡಿಗೆ ಹೆಚ್ಚು ದೂರವಿಲ್ಲ.

ಕಳೆದ ಶ್ರಾವಣದಲ್ಲಿ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಬಂಧುಗಳ ಮನೆಗೆ ಹೋಗಿದ್ದಾಗ ಈ ಮಾತು ಕಣ್ಣಿಗೆ ಕಟ್ಟಿತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಮುಂತಾದವರ ಪ್ಲೇಟುಗಳು ಗೋಣಿಚೀಲ ಸೇರಿ ಪಡಸಾಲೆಯಲ್ಲಿ ಕುಳಿತಿದ್ದವು. ಹಾವೇರಿ ಸೀಮೆಗೆ ಈ ಕಂಠಗಳು ಹೊರಗಿನವಲ್ಲ. ರಾಜಗುರುಗಳಿಗೆ ವಿದ್ಯೆಯನ್ನಿತ್ತ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಜನಿಸಿದ್ದು ಇದೇ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ. ಮನಸೂರರು 1992ರಲ್ಲಿ, ರಾಜಗುರುಗಳು 1991ರಲ್ಲಿ ಲಿಂಗೈಕ್ಯರಾದರು. ಇನ್ನು ಅವರ ದನಿ ನಮಗೆ ಉಳಿದಿರುವುದು ಧ್ವನಿಮುದ್ರಿಕೆಗಳಲ್ಲಿ ಮಾತ್ರ.

ನಡೆದದ್ದಿಷ್ಟು. ಮನೆಯ ಹಳೆಯ ಪ್ಲೇಯರ್ ಕೆಟ್ಟಿತ್ತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮೊಮ್ಮಗ ಹೊಸ ಟರ್ನ್‌ಟೇಬಲ್ ತಂದು, ಮನೆಯಲ್ಲಿದ್ದ ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್‌ಗೆ ಜೋಡಿಸಿದ. ವಾಲ್ಯೂಮನ್ನು ಪೂರ್ತಿ ತಿರುಗಿಸಿದರೂ ದನಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟೇ. ತಬಲದ ಡಗ್ಗಾ ಕೇಳಿಸಲೇ ಇಲ್ಲ. "ಪ್ಲೇಟ್ ಎಲ್ಲಾ ಸವದು ಹೋಗ್ಯಾವ ತಮ್ಮಾ, ಗುಜರಿಗೆ ಕೊಟ್ಟುಬಿಡು" ಎಂದರು ಅಜ್ಜನವರು. "ಇಲ್ಲ ಅಜ್ಜಾ, ಭಾರೀ ಬೆಲೆದು ಒಂದು ಪೆಟ್ಟಿಗಿ ತರ್ತೀನಿ" ಎಂದ ಮೊಮ್ಮಗ. ಇಬ್ಬರ ಮಾತೂ ಸರಿಯಾಗಿರಲಿಲ್ಲ.

ಕಾರಣವನ್ನು ತಿಳಿಯೋಣ. ನಮ್ಮ ಮನೆಗಳಲ್ಲಿದ್ದ ಅಗ್ಗದ ಹಳೆಯ ಪ್ಲೇಯರುಗಳಲ್ಲಿ ಹೆಚ್ಚಾಗಿ ಸಿರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್ ಇರುತ್ತಿತ್ತು. ಅದು ನೂರಾರು ಮಿಲಿವೋಲ್ಟ್ ಸಂಕೇತವನ್ನು ತಾನೇ ಹೊರಡಿಸುವುದರಿಂದ ನೇರ ಜೋಡಣೆ ಸಾಕಾಗುತ್ತಿತ್ತು. ಆದರೆ ಅದರ ಸೂಜಿ ಐದಾರು ಗ್ರಾಂ ಭಾರದಿಂದ ಪ್ಲೇಟನ್ನು ತುಳಿಯುತ್ತಿತ್ತು. ಇಂದಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಎರಡು ಗ್ರಾಂ ಆಸುಪಾಸಿನ ಭಾರದಲ್ಲಿ ಹಗುರವಾಗಿ ಓಡುತ್ತದೆ. ಪ್ರತಿಯಾಗಿ ಅದು ಕೊಡುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಇದನ್ನು ಸುಮಾರು ನೂರು ಪಟ್ಟು, ಅಂದರೆ 40 ಡೆಸಿಬೆಲ್, ಹಿಗ್ಗಿಸುವುದು ಫೋನೋ ಪ್ರಿಆಂಪ್ಲಿಫೈಯರಿನ ಮೊದಲ ಕೆಲಸ.

ಎರಡನೆಯ ಕೆಲಸ ಇನ್ನೂ ಮುಖ್ಯವಾದುದು. ಪ್ಲೇಟನ್ನು ಕೊರೆಯುವಾಗ ಮಂದ್ರ ದನಿಯನ್ನು ಬೇಕೆಂತಲೇ ತಗ್ಗಿಸಿ, ತಾರ ದನಿಯನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದಂತೆಯೇ ಕೊರೆದರೆ ಗೆರೆಗಳು ಅಗಲವಾಗಿ ತೂಗಾಡಿ ಒಂದರ ಮೇಲೊಂದು ಬೀಳುತ್ತವೆ. ತಾರವನ್ನು ಏರಿಸದಿದ್ದರೆ ಅದು ಪ್ಲೇಟಿನ ಚರಚರ ಸದ್ದಿನಲ್ಲಿ ಮುಳುಗುತ್ತದೆ. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವು 1954ರಲ್ಲಿ ಇದಕ್ಕೊಂದು ಅಳತೆಯನ್ನು ನಿಗದಿಪಡಿಸಿತು. ಅದೇ ಆರ್.ಐ.ಎ.ಎ. ಅಳತೆ. ಪ್ರಿಆಂಪ್ ಅದನ್ನು ತಿರುವುಮುರುವು ಮಾಡಿ, 20 ಹರ್ಟ್ಸ್ ಬಳಿ ಸುಮಾರು ಹತ್ತು ಪಟ್ಟು ಏರಿಸಿ, 20,000 ಹರ್ಟ್ಸ್ ಬಳಿ ಹತ್ತನೆಯ ಒಂದಂಶಕ್ಕೆ ಇಳಿಸಿ ಸಮತೋಲಕ್ಕೆ ತರುತ್ತದೆ. ಕದರಮಂಡಲಗಿಯಲ್ಲಿ ಡಗ್ಗಾ ಮಾಯವಾದದ್ದು ಈ ಪೆಟ್ಟಿಗೆ ನಡುವೆ ಇಲ್ಲದ್ದರಿಂದ, ಪ್ಲೇಟು ಸವೆದದ್ದರಿಂದಲ್ಲ. ನಿಜವಾಗಿ ಸವೆದ ಪ್ಲೇಟಿನ ಲಕ್ಷಣವೇ ಬೇರೆ: ದನಿ ಸಾಕಷ್ಟು ದೊಡ್ಡದಾಗಿಯೇ ಬರುತ್ತದೆ, ಆದರೆ ಏರು ಸ್ವರದಲ್ಲಿ ಒಡೆದು ಕರ್ಕಶವಾಗುತ್ತದೆ.

ಇನ್ನು ಆಯ್ಕೆಯ ಮಾತು. ಮೊದಲು ಆಂಪ್ಲಿಫೈಯರಿನ ಹಿಂಬದಿಯನ್ನು ನೋಡಿರಿ. ಅಲ್ಲಿ 'ಫೋನೋ' ಎಂದು ಬರೆದಿದ್ದರೆ ಪ್ರಿಆಂಪ್ ಒಳಗೇ ಇದೆ. ಕೆಲವು ಹೊಸ ಟರ್ನ್‌ಟೇಬಲ್‌ಗಳಲ್ಲಿಯೂ 'ಫೋನೋ–ಲೈನ್' ಎಂಬ ಸ್ವಿಚ್ಚಿನೊಡನೆ ಅದು ಅಡಗಿರುತ್ತದೆ. ಎರಡು ಪ್ರಿಆಂಪ್‌ಗಳನ್ನು ಒಂದರ ಹಿಂದೊಂದು ಜೋಡಿಸಲಾಗದು, ದನಿ ಒಡೆದುಹೋಗುತ್ತದೆ. ಎಲ್ಲಿಯೂ ಇಲ್ಲದಿದ್ದರೆ ಮಾತ್ರ ಪ್ರತ್ಯೇಕ ಪೆಟ್ಟಿಗೆ ಬೇಕು. ಮೂವಿಂಗ್ ಮ್ಯಾಗ್ನೆಟ್‌ಗೆ 40 ಡೆಸಿಬೆಲ್ ವರ್ಧನೆ, 47 ಕಿಲೋಓಮ್ ಇನ್‌ಪುಟ್, ಅರ್ಥ್ ತಂತಿ ಬಿಗಿಯಲು ಒಂದು ತಿರುಪು — ಇಷ್ಟಿದ್ದರೆ ಕೆಲವು ಸಾವಿರ ರೂಪಾಯಿಗಳ ಸಾಧಾರಣ ಪೆಟ್ಟಿಗೆಯೂ ಸಂಸಾರಸ್ಥರ ಮನೆಗೆ ಸಾಕು.

ಮೇಲ್ದರ್ಜೆಗೆ ಏರಿಸುವ ಉತ್ಸಾಹವುಳ್ಳವರು ಒಂದು ಕ್ರಮವನ್ನು ಪಾಲಿಸಲಿ. ಮೊದಲು ಪ್ಲೇಟಿನ ಧೂಳನ್ನು ತೆಗೆಯಿರಿ. 78 ಸುತ್ತಿನ ಹಳೆಯ ಪ್ಲೇಟುಗಳು ಅರಗಿನಿಂದಾದವು; ಅವುಗಳಿಗೆ ಸ್ಪಿರಿಟ್ ತಾಗಿಸಿದರೆ ಅರಗು ಕರಗುತ್ತದೆ. ಆಮೇಲೆ ಸವೆದ ಸೂಜಿಯನ್ನು ಬದಲಿಸಿರಿ. ಗುಂಯ್ ಎಂಬ ಸದ್ದಿದ್ದರೆ ಟರ್ನ್‌ಟೇಬಲ್ಲಿನ ಅರ್ಥ್ ತಂತಿ ಬಿಗಿಯಾಗಿದೆಯೇ, ಮನೆಯ ಅರ್ಥಿಂಗ್ ಸರಿಯಿದೆಯೇ ನೋಡಿರಿ. ಪೆಟ್ಟಿಗೆಯನ್ನು ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಗಳಿಂದ ದೂರವಿಡಿರಿ. ಇಷ್ಟಾದ ಮೇಲೂ ಸುಯ್ಯೆಂಬ ಸದ್ದು ಗಾಯನವನ್ನು ಮುಚ್ಚುತ್ತಿದ್ದರೆ ಆಗ ಉತ್ತಮ ಪ್ರಿಆಂಪ್‌ನ ಯೋಚನೆ ಮಾಡಬಹುದು. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಹಾಕಿಸುವವರಿಗೆ ಬೇರೆ ಪೆಟ್ಟಿಗೆ ಅನಿವಾರ್ಯ; ಅದರ ಸಂಕೇತ ಅರ್ಧ ಮಿಲಿವೋಲ್ಟಿಗೂ ಕಡಿಮೆ ಇರುವುದುಂಟು, ವರ್ಧನೆ ಸಾವಿರ ಪಟ್ಟು ಬೇಕು. 78 ಸುತ್ತಿನ ಪ್ಲೇಟುಗಳು ಬಹಳವಿದ್ದವರಿಗೆ ದಪ್ಪ ಮೊನೆಯ ಬೇರೆ ಸೂಜಿಯೂ ಅಳತೆ ಬದಲಿಸಬಲ್ಲ ಪ್ರಿಆಂಪೂ ಬೇಕು. ಏಕೆಂದರೆ ಅವುಗಳಲ್ಲಿ ಹೆಚ್ಚಿನವು 1954ಕ್ಕೂ ಹಿಂದಿನವು. ಒಂದೊಂದು ಕಂಪನಿಯ ಅಳತೆಯೂ ಒಂದೊಂದು ಬಗೆಯದಾಗಿತ್ತು.

ಕದರಮಂಡಲಗಿಯ ಮೊಮ್ಮಗ ಸಣ್ಣ ಪೆಟ್ಟಿಗೆಯನ್ನೇ ತರಿಸಿದ. ಗೋಣಿಚೀಲದಿಂದ ಮನಸೂರರ ಪ್ಲೇಟನ್ನು ತೆಗೆದು ಹಾಕಿದಾಗ ಕಂಠವೂ ಡಗ್ಗಾವೂ ಒಟ್ಟಿಗೇ ಬಂದವು. ಅಜ್ಜನವರು ಮಾತನಾಡಲಿಲ್ಲ, ಒಂದು ಬದಿ ಮುಗಿದೊಡನೆ ತಾವೇ ಎದ್ದು ಪ್ಲೇಟನ್ನು ಮಗುಚಿದರು. ಚೀಲದಲ್ಲಿದ್ದವುಗಳ ಪೈಕಿ ಎರಡು ಮಾತ್ರ ನಿಜವಾಗಿ ಸವೆದಿದ್ದವು.

ಸಂಗ್ರಹದ ಮೋಹಕ್ಕಾಗಲಿ, ನೆರೆಮನೆಗಿಂತ ಹೆಚ್ಚಿನ ಬೆಲೆಯದಿರಲೆಂಬ ಹಟಕ್ಕಾಗಲಿ ಈ ಮಾತುಗಳನ್ನು ಬರೆದಿಲ್ಲ. ಬೇಕಾದಷ್ಟನ್ನೇ ಕೊಂಡು, ಕೊಂಡದ್ದನ್ನು ಶುಚಿಯಾಗಿ ದುಡಿಸಿಕೊಳ್ಳುವುದು ಶರಣರ ಮನೆಗೆ ಒಪ್ಪುವ ರೀತಿ. ಗುಜರಿಗೆ ಹೋದ ಪ್ಲೇಟು ಮರಳಿ ಬಾರದು. ಆದ್ದರಿಂದ ಅಟ್ಟವನ್ನು ಖಾಲಿ ಮಾಡುವ ಮುನ್ನ, ತಪ್ಪು ಪ್ಲೇಟಿನದೋ ಜೋಡಣೆಯದೋ ಎಂದು ಒಮ್ಮೆ ಪರೀಕ್ಷಿಸಿ ನೋಡಿರಿ.