ಪೇಟಿಯವರು

ನಾಟಕ ನೋಡಿ ಮನೆಗೆ ಹೊರಟಾಗ ನಾವು ಯಾರನ್ನು ನೆನೆಯುತ್ತೇವೆ? ನಾಯಕನನ್ನು, ನಾಯಕಿಯನ್ನು, ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಹಾಸ್ಯದವನನ್ನು. ರಂಗದ ಮಗ್ಗುಲಲ್ಲಿ ಕುಳಿತು ಇವರೆಲ್ಲರ ಹಾಡಿಗೆ ಸ್ವರ ಹಿಡಿದವರನ್ನು ನೆನೆಯುವವರು ವಿರಳ. ಧಾರವಾಡದ ಕಡೆ ಅವರು ಪೇಟಿ ಮಾಸ್ತರರು. ಮೈಸೂರಿನ ಕಡೆ ಹಾರ್ಮೋನಿಯಂ ಮೇಷ್ಟ್ರು. ಹೆಸರು ಎರಡಾದರೂ ಪಾಡು ಒಂದೇ. ಕಂಪನಿ ನಡೆಯುತ್ತಿದ್ದರೆ ಹಸ್ತಪತ್ರಿಕೆಯ ಕೊನೆಯ ಸಾಲಿನಲ್ಲಿ ಅವರ ಹೆಸರು; ಕಂಪನಿ ಮುಳುಗಿದರೆ ಪೇಟಿ ಹೊತ್ತು ಮತ್ತೊಂದು ಕಂಪನಿಯ ಬಾಗಿಲಿಗೆ. ಅಂಥ ಬಾಗಿಲುಗಳನ್ನು ಹಲವು ಸಲ ದಾಟಿದ ಒಬ್ಬರ ವಿಚಾರವನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಅವರು ಗೋವಿಂದರಾವ್ ಟೇಂಬೆ. 1881ರಲ್ಲಿ ಹುಟ್ಟಿದ, ಕೊಲ್ಲಾಪುರದ ನೆಲದಲ್ಲಿ ಬೆಳೆದ ಮರಾಠಿಗರು. ಪುಣೆ ಮುಂಬಯಿಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮವರಿಗೆ ಈ ಹೆಸರು ನೆರೆಮನೆಯದೆಂದೇ ಹೇಳಬೇಕು. ಪೇಟಿಯ ವಿದ್ಯೆಯನ್ನು ಅವರು ಬಹುಮಟ್ಟಿಗೆ ಕೇಳಿ ಕೇಳಿಯೇ ಸಾಧಿಸಿಕೊಂಡರು. ಭಾಸ್ಕರಬುವಾ ಬಖಲೆಯವರ ಗಾಯನಕ್ಕೆ ಸಾಥಿ ನೀಡುವ ಭಾಗ್ಯ ಅವರದಾಯಿತು. ಈ ಬುವಾ ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ಆದ್ದರಿಂದ ನಮಗೂ ಅವರು ದೂರದವರಲ್ಲ.

ಸಾಥಿ ಎಂದರೆ ಸುಲಭದ ಕೆಲಸವೆಂದು ಕೆಲವರ ಎಣಿಕೆ. ಒಬ್ಬರ ಕಂಠ ಕಪ್ಪು ಒಂದಕ್ಕೆ ಕೂಡುತ್ತದೆ, ಇನ್ನೊಬ್ಬರದು ಕಪ್ಪು ನಾಲ್ಕಕ್ಕೆ. ಶ್ರುತಿ ಬದಲಾದೊಡನೆ ಅದೇ ರಾಗಕ್ಕೆ ಬೆರಳಿನ ದಾರಿಯೇ ಬೇರೆ. ಗಾಯಕ ಎಲ್ಲಿ ತಿರುಗುವನೆಂಬುದನ್ನು ಕ್ಷಣ ಮೊದಲೇ ಊಹಿಸಬೇಕು, ಅವನನ್ನು ಮೀರಬಾರದು. ಅವನು ಉಸಿರೆಳೆಯುವಾಗ ಆ ಬಿಡುವನ್ನು ತುಂಬಬೇಕು. ಹೀಗೆ ಪಕ್ಕದಲ್ಲಿ ಕುಳಿತವನ ಕಿವಿ ದೊಡ್ಡದೊಂದು ಉಗ್ರಾಣವಾಗುತ್ತದೆ.

ಆ ಉಗ್ರಾಣದ ಬಾಗಿಲು ತೆರೆದದ್ದು ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ. ಮಂಡಳಿಯ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದವರು. ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, 1911ರಲ್ಲಿ, ಮಂಡಳಿಯು ಖಾಡಿಲ್ಕರರ 'ಮಾನಾಪಮಾನ'ವನ್ನು ರಂಗಕ್ಕೆ ತಂದಿತು. ಹಾಡುಗಳಿಗೆ ಧಾಟಿ ಕೂಡಿಸಿದವರು ಟೇಂಬೆ. ಉತ್ತರದ ಠುಮರಿ, ಕಜರಿಗಳ ಚೆಲುವನ್ನು ಮರಾಠಿ ಪದಗಳಿಗೆ ತೊಡಿಸಿ, ಬಾಲಗಂಧರ್ವರ ಕಂಠಕ್ಕೆ ಒಪ್ಪುವಂತೆ ಹೊಲಿದುಕೊಟ್ಟರು. ಆ ಹಾಡುಗಳು ಇಂದಿಗೂ ಮಹಾರಾಷ್ಟ್ರದ ಮನೆಮನೆಗಳಲ್ಲಿ ಕೇಳಿಬರುತ್ತವೆ.

1913ರಲ್ಲಿ ಬಾಲಗಂಧರ್ವ, ಗಣಪತರಾವ್ ಬೋಡಸ್ ಮತ್ತು ಟೇಂಬೆ ಈ ಮೂವರೂ ಕೂಡಿ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಎರಡೇ ವರ್ಷದಲ್ಲಿ ಟೇಂಬೆ ಅದನ್ನು ಬಿಟ್ಟು 1915ರಲ್ಲಿ ಶಿವರಾಜ ಮಂಡಳಿಯೆಂಬ ಸ್ವಂತ ಕಂಪನಿ ತೆರೆದರು. ಗಂಧರ್ವ ಮಂಡಳಿಯಷ್ಟು ಕಾಲ ಅದು ಬಾಳಲಿಲ್ಲ. ಯಜಮಾನಿಕೆಯ ಲೆಕ್ಕವೇ ಬೇರೆ: ಊಟದ ಪಂಕ್ತಿ, ಪರದೆ, ರೈಲಿನ ಖರ್ಚು, ನಟರ ಮುನಿಸು ಇವಕ್ಕೆಲ್ಲ ಶ್ರುತಿ ಕೂಡಿಸುವ ಪೇಟಿಯನ್ನು ಇನ್ನೂ ಯಾರೂ ಮಾಡಿಲ್ಲ. ಕಂಪನಿ ಹೋಯಿತು, ಕಿವಿ, ಕೈ ಎರಡೂ ಉಳಿದವು.

1931ರಲ್ಲಿ ಮಾತನಾಡುವ ಚಿತ್ರ ಬಂದಿತು. ನಾಟಕದವರ ಅನ್ನಕ್ಕೆ ಕುತ್ತು ಬಂದ ಕಾಲವದು. ಟೇಂಬೆಯವರು ಆಗ ಐವತ್ತರ ಹೊಸ್ತಿಲಲ್ಲಿದ್ದರು. ಮರುವರ್ಷವೇ ಪ್ರಭಾತ್ ಕಂಪನಿಯ 'ಅಯೋಧ್ಯೇಚಾ ರಾಜಾ' ಚಿತ್ರಕ್ಕೆ ಸಂಗೀತ ಕೊಟ್ಟರು. ದುರ್ಗಾ ಖೋಟೆಯವರ ತಾರಾಮತಿಗೆ ತಾವೇ ಹರಿಶ್ಚಂದ್ರರಾದರು! ಮಂಡಳಿಯಿಂದ ಮಂಡಳಿಗೆ, ರಂಗದಿಂದ ತೆರೆಗೆ ಬಾಗಿಲು ದಾಟಿದಾಗಲೆಲ್ಲ ಅವರ ಕೈಗಂಟು ಒಂದೇ, ಇನ್ನೊಬ್ಬರ ಸ್ವರವನ್ನು ಗಮನವಿಟ್ಟು ಕೇಳುವ ಅಭ್ಯಾಸ.

ಎಲ್ಲ ಪೇಟಿಯವರ ಹಣೆಯಲ್ಲೂ ಹೀಗೆ ಬರೆದಿರಲಿಲ್ಲ. 1940ರ ಮಾರ್ಚಿಯಲ್ಲಿ ಆಕಾಶವಾಣಿಯು ಹಾರ್ಮೋನಿಯಂ ವಾದ್ಯವನ್ನೇ ಬಹಿಷ್ಕರಿಸಿತು. ಅದರ ಹನ್ನೆರಡು ಮನೆಗಳು ಕಡ್ಡಿ ಗೀಚಿದಂತೆ ನಿಂತುಬಿಟ್ಟಿವೆ, ಮೀಂಡು ಗಮಕಗಳು ಅದರಲ್ಲಿ ನುಡಿಯವು, ವಿಲಾಯತಿಯಿಂದ ಬಂದ ವಾದ್ಯವದು ಎಂಬುದು ಆಕ್ಷೇಪ. ರವೀಂದ್ರರಿಗೂ ಆ ವಾದ್ಯ ಹಿಡಿಸುತ್ತಿರಲಿಲ್ಲ. ವಾದ್ಯದ ಮಿತಿಯನ್ನು ಕುರಿತ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನಾಟಕ ಕಂಪನಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದ ಹೊತ್ತಿನಲ್ಲೇ ಆಕಾಶವಾಣಿಯ ಬಾಗಿಲೂ ಮುಚ್ಚಿದರೆ, ಪೇಟಿಯೊಂದನ್ನೇ ನಂಬಿದವನು ಎಲ್ಲಿಗೆ ಹೋಗಬೇಕು? ನಿರ್ಬಂಧ ಸಡಿಲವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಅಷ್ಟು ಕಾಲ ವಿದ್ಯೆಯನ್ನು ಉಳಿಸಿದವರು ಮನೆಪಾಠ ಹೇಳಿದವರು, ಬೈಠಕ್ಕುಗಳಲ್ಲಿ ಪಕ್ಕಕ್ಕೆ ಕುಳಿತವರು. ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917–2010) ಹಲವು ತಲೆಮಾರಿನ ಶಿಷ್ಯರನ್ನು ತಯಾರು ಮಾಡಿದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಈಗ ನಮ್ಮ ಮನೆಗಳಲ್ಲಿ ಮಕ್ಕಳು ಕೀಬೋರ್ಡ್ ಕಲಿಯುತ್ತಾರೆ. ಒಂದು ಗುಂಡಿ ಒತ್ತಿದರೆ ಶ್ರುತಿ ಏರುತ್ತದೆ, ಇನ್ನೊಂದು ಒತ್ತಿದರೆ ತಬಲಾ ನುಡಿಯುತ್ತದೆ. ಸಂತೋಷವೇ. ಆದರೆ ಪಕ್ಕದವರು ಎಲ್ಲಿ ಉಸಿರೆಳೆದರೆಂದು ತಿಳಿಸುವ ಗುಂಡಿ ಅದರಲ್ಲಿಲ್ಲ. ಅದಕ್ಕಾಗಿ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ: ಮಗು ಒಂಟಿಯಾಗಿ ನುಡಿಸಿ ಚಪ್ಪಾಳೆ ಗಿಟ್ಟಿಸಲಿ, ಬೇಡವೆನ್ನುವುದಿಲ್ಲ; ಜೊತೆಗೆ ವಾರಕ್ಕೊಮ್ಮೆ ಅಜ್ಜಿಯ ದೇವರನಾಮಕ್ಕೆ ಸ್ವರ ಹಿಡಿಯಲಿ. ಅಜ್ಜಿ ತಾಳ ತಪ್ಪಬಹುದು, ನಡುವೆ ಚರಣ ಮರೆಯಬಹುದು. ಆಗ ಅವರನ್ನು ಮುಜುಗರಪಡಿಸದೆ ಮುಂದಕ್ಕೆ ನಡೆಸಿಕೊಂಡು ಹೋಗುವುದೇ ಸಾಥಿಯ ಮೊದಲ ಪಾಠ. ಪರಊರಿನಲ್ಲಿ ಪರರ ಶ್ರುತಿಗೆ ಹೊಂದಿಕೊಂಡೂ ಸ್ವಂತ ರಾಗ ಮರೆಯದೆ ಬಾಳುತ್ತಿರುವ ನಮ್ಮಂಥವರಿಗೆ ಈ ಪಾಠ ಹೊಸದೇನಲ್ಲ.

ಸಂಘಗಳ ಕಾರ್ಯಕರ್ತರಿಗೂ ಒಂದು ಮಾತು. ಮುಂದಿನ ನಾಟಕದ ಕರೆಯೋಲೆಯಲ್ಲಿ ಪೇಟಿಯವರ ಹೆಸರನ್ನು ಗಾಯಕರ ಹೆಸರಿನ ಜೊತೆಯಲ್ಲೇ ಅಚ್ಚು ಹಾಕಿಸಿರಿ. ಅವರ ಸಂಭಾವನೆಯನ್ನು ಅದೇ ರಾತ್ರಿ, ಪರದೆ ಮಡಿಸುವ ಮೊದಲೇ, ಕೈಗೆ ಕೊಟ್ಟುಬಿಡಿರಿ.