ನಾಡಿ ನೋಡಿದವರು ನಾಡನ್ನೂ ನೋಡಿದರು

ರೋಗಿಯ ನಾಡಿ ಹಿಡಿದವನಿಗೆ ಒಂದು ದೇಹದ ಬೇನೆ ತಿಳಿಯುತ್ತದೆ. ಅನೇಕ ಬೇನೆಗಳ ಮೂಲವಾದರೋ ದೇಹದಲ್ಲಿರದೆ ನಾಡಿನ ವ್ಯವಸ್ಥೆಯಲ್ಲಿರುತ್ತದೆ. ಇವೆರಡಕ್ಕೂ ಕೈಹಾಕಿದವರು ವಿರಳ. ಅಂಥವರಲ್ಲಿ ಒಬ್ಬರು ಕೆನಡಾದೇಶದ ಪೂರ್ವತೀರದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಡಾ. ಜಾರ್ಜ್ ಡ್ಯೂಮಾಂ.

ಆ ಪ್ರಾಂತದಲ್ಲಿ ಫ್ರೆಂಚ್ ಮಾತನಾಡುವ ಅಕೇಡಿಯನ್ ಜನಾಂಗದವರಿದ್ದಾರೆ. 17ನೆಯ ಶತಮಾನದಲ್ಲಿ ಬಂದು ನೆಲೆಸಿದ್ದ ಆ ರೈತಜನರನ್ನು 1755ರಲ್ಲಿ ಬ್ರಿಟಿಷರು ಮನೆಮಾರುಗಳಿಗೆ ಬೆಂಕಿಯಿಟ್ಟು, ಹಡಗುಗಳಲ್ಲಿ ತುಂಬಿ ದೇಶಾಂತರಕ್ಕಟ್ಟಿದರು. ಮರಳಿ ಬಂದವರಿಗೆ ಹಿಂದಿನ ಫಲವತ್ತಾದ ನೆಲ ದೊರೆಯಲಿಲ್ಲ. ಕಡಲ ದಡವೂ ಕಾಡಿನ ಅಂಚೂ ಅವರ ಪಾಲಾದವು.

ಡ್ಯೂಮಾಂ ಅವರು ಪ್ರಾಂತದ ಉತ್ತರದಲ್ಲಿರುವ ರೆಸ್ಟಿಗೂಶ್ ಸೀಮೆಯ ವೈದ್ಯರು. ಆಗ ಶಾಲೆ, ಆರೋಗ್ಯ, ಬಡವರ ಪೋಷಣೆಗಳ ಹೊಣೆಯ ಬಹುಭಾಗ ಆಯಾ ಕೌಂಟಿಯ ಮೇಲಿತ್ತು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ತೆರಿಗೆ ಹೆಚ್ಚು ಹುಟ್ಟುವಲ್ಲಿ ಸೌಕರ್ಯವೂ ಹೆಚ್ಚು. ಬಡ ಕೌಂಟಿಯಲ್ಲಿ ಎಲ್ಲವೂ ಕೊರತೆ. ಅಕೇಡಿಯನ್ನರು ಹೆಚ್ಚಾಗಿದ್ದುದು ಇಂತಹ ಬಡ ಸೀಮೆಗಳಲ್ಲಿಯೇ. ವೈದ್ಯನು ರೋಗಿಗೆ ಔಷಧ ಬರೆದುಕೊಡಬಲ್ಲ. ಬರಿದಾದ ಬೊಕ್ಕಸಕ್ಕೆ ಯಾವ ಔಷಧ ಬರೆದಾನು?

1960ರ ಚುನಾವಣೆಯಲ್ಲಿ ಲೂಯಿ ರೋಬಿಶೋ ಅವರ ಲಿಬರಲ್ ಪಕ್ಷವು, ಜನರಿಗೆ ಹೊರೆಯಾಗಿದ್ದ ಆಸ್ಪತ್ರೆ ವಿಮೆಯ ಕಂತನ್ನು ರದ್ದುಪಡಿಸುವ ವಚನವಿತ್ತು ಗೆದ್ದಿತು. ಚುನಾವಣೆಯಲ್ಲಿ ಗೆದ್ದು ಆ ಪ್ರಾಂತದ ಮುಖ್ಯಮಂತ್ರಿಯಾದ ಮೊದಲ ಅಕೇಡಿಯನ್ನರು ರೋಬಿಶೋ. ಅವರ ಸಂಪುಟದಲ್ಲಿ ಆರೋಗ್ಯ ಖಾತೆಯನ್ನು ವಹಿಸಿಕೊಂಡವರು ಡಾ. ಡ್ಯೂಮಾಂ. ಕೊಟ್ಟ ಮಾತಿನಂತೆ ಕಂತು ರದ್ದಾಯಿತು.

ಆ ಸರ್ಕಾರ ಅಲ್ಲಿಗೇ ನಿಲ್ಲಲಿಲ್ಲ. 'ಸಮಾನ ಅವಕಾಶ' ಎಂಬ ಯೋಜನೆಯಿಂದ 1967ರಲ್ಲಿ ಕೌಂಟಿಗಳ ಆಡಳಿತ ಕೊನೆಗೊಂಡು, ಶಿಕ್ಷಣ, ಆರೋಗ್ಯ, ನ್ಯಾಯ, ಸಮಾಜಕಲ್ಯಾಣಗಳನ್ನು ಪ್ರಾಂತವೇ ವಹಿಸಿಕೊಂಡಿತು. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುತ್ತಾರೆಂಬ ಕಟುವಾದ ವಿರೋಧವೂ ಎದ್ದಿತು. ಆದರೂ ಕೂಸು ಹುಟ್ಟಿದ ಊರು ಅದರ ಆಯುಷ್ಯವನ್ನು ಅಳೆಯಬಾರದೆಂಬ ತತ್ತ್ವ ನೆಲೆಯೂರಿತು. 1969ರಲ್ಲಿ ಇಂಗ್ಲಿಷ್ ಜೊತೆಗೆ ಫ್ರೆಂಚ್ ಭಾಷೆಗೂ ಅಧಿಕೃತ ಮನ್ನಣೆ ದೊರೆಯಿತು.

ಮಾಂಕ್ಟನ್ ನಗರದ ದೊಡ್ಡ ಆಸ್ಪತ್ರೆ ಇಂದು ಡ್ಯೂಮಾಂ ಅವರ ಹೆಸರನ್ನು ಹೊತ್ತಿದೆ. ಅಲ್ಲಿ ರೋಗಿ ತನ್ನ ನೋವನ್ನು ಫ್ರೆಂಚಿನಲ್ಲಿಯೇ ಹೇಳಿಕೊಳ್ಳಬಹುದು. ಅದೇ ನಗರದ ವಿಶ್ವವಿದ್ಯಾಲಯದ ಆವರಣದಲ್ಲಿ 2006ರಿಂದ ಫ್ರೆಂಚ್ ಭಾಷೆಯಲ್ಲಿ ವೈದ್ಯಶಿಕ್ಷಣವೂ ನಡೆಯುತ್ತಿದೆ.

ಮಗ ವೈದ್ಯನಾಗಲಿ, ಮಗಳು ವೈದ್ಯೆಯಾಗಲಿ ಎಂದು ಹಾರೈಸುವ ತಂದೆತಾಯಿಗಳು ನಮ್ಮಲ್ಲಿ ಬಹಳ. ಆ ಹಾರೈಕೆಯೊಡನೆ ಒಂದು ಮಾತನ್ನೂ ಅವರ ಕಿವಿಯಲ್ಲಿ ಹಾಕೋಣ: ಬಾಗಿಲಿಗೆ ಬಂದ ರೋಗಿಯನ್ನು ನೋಡು, ಬಾಗಿಲವರೆಗೆ ಬರಲಾರದವನು ಏಕೆ ಬರಲಿಲ್ಲವೆಂಬುದನ್ನೂ ವಿಚಾರಿಸು.