ಮೊದಲು ಬೋರಾನ್, ಆಮೇಲೆ ಲೆಕ್ಕ
2011ರ ನವೆಂಬರ್ ಮೊದಲ ವಾರ ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದ ಎರಡನೇ ರಿಯಾಕ್ಟರಿನ ಅನಿಲ ಪರೀಕ್ಷಿಸಿದವರಿಗೆ ಕ್ಸೆನಾನ್-135ರ ಸುಳಿವು ಸಿಕ್ಕಿತು. ಸುಮಾರು ಒಂಬತ್ತು ಗಂಟೆಗೊಮ್ಮೆ ಅರ್ಧಕ್ಕರ್ಧ ಕರಗುವ ಅನಿಲ ಇದು. ಮಾರ್ಚ್‌ನ ಅಪಘಾತದ ಹೊತ್ತಿಗೆ ಹುಟ್ಟಿದ್ದು ನವೆಂಬರ್‌ವರೆಗೆ ಉಳಿಯುವ ಮಾತೇ ಇಲ್ಲ. ಅಂದರೆ ಆಗಷ್ಟೇ ಎಲ್ಲೋ ಪರಮಾಣು ಸೀಳಿದೆ. ಕರಗಿ ತಳ ಸೇರಿದ ಇಂಧನದಲ್ಲಿ ಸರಪಳಿ ಕ್ರಿಯೆ ಮತ್ತೆ ಶುರುವಾಯಿತೇ? ಸ್ಥಾವರ ನಡೆಸುವ ಕಂಪನಿಯವರು ಕಾದು ಕೂರದೆ ಬೋರಿಕ್ ಆಮ್ಲದ ನೀರು ಹಾಯಿಸಿದರು. ಬೋರಾನ್ ನ್ಯೂಟ್ರಾನುಗಳನ್ನು ನುಂಗುತ್ತದೆ. ಸರಪಳಿ ಕ್ರಿಯೆಯಾಗಿದ್ದರೆ ಅದು ನಿಲ್ಲಬೇಕಿತ್ತು. ಆದರೂ ಕ್ಸೆನಾನ್ ಕಾಣಿಸಿತು. ತಾಪ, ಒತ್ತಡ ಎರಡೂ ಏರಿರಲಿಲ್ಲ. ಇಂಧನದಲ್ಲಿದ್ದ ಕ್ಯೂರಿಯಂ ತಾನಾಗಿ ಸೀಳಿದ್ದರ ಫಲವಷ್ಟೇ, ಸರಪಳಿಯಲ್ಲ ಎಂದು ತೀರ್ಮಾನವಾಯಿತು. ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದು ಕೊಟ್ಟಂತಾಯಿತಲ್ಲ ಎಂದು ಯಾರಾದರೂ ನಕ್ಕರೆ, ನಾನಂತೂ ಕಂಪನಿಯ ಪರ (ಈ ಒಂದು ವಿಷಯದಲ್ಲಿ ಮಾತ್ರ). ಪೇಚಿನ ಸಂಗತಿಯೆಂದರೆ, ತಣಿಸಲು ಬೇಕಾದ ನೀರೇ ನ್ಯೂಟ್ರಾನುಗಳ ವೇಗ ತಗ್ಗಿಸಿ ಸೀಳಿಕೆಗೆ ಅನುಕೂಲ ಮಾಡಿಕೊಡುತ್ತದೆ. ಚೆರ್ನೋಬಿಲ್‌ನ ಸೋರುವ ಕಾಂಕ್ರೀಟು ಕವಚದೊಳಗೆ ಜೋರು ಮಳೆಯ ನಂತರ ನ್ಯೂಟ್ರಾನ್ ಎಣಿಕೆ ಏರುತ್ತಿತ್ತು. 1990ರ ಜೂನಿನಲ್ಲಂತೂ ವಿಜ್ಞಾನಿಯೊಬ್ಬರು ವಿಕಿರಣವನ್ನೂ ಲೆಕ್ಕಿಸದೆ ಒಳಗೆ ಓಡಿ, ಬೋರಾನಿನಂತೆಯೇ ನ್ಯೂಟ್ರಾನ್ ನುಂಗುವ ಗ್ಯಾಡೊಲಿನಿಯಂ ನೈಟ್ರೇಟ್ ದ್ರಾವಣ ಸಿಂಪಡಿಸಿ ಬಂದರು. 2016ರಲ್ಲಿ ಉಕ್ಕಿನ ಹೊಸ ಕಮಾನು ಬಂತು, ಮಳೆ ಒಳಬರುವುದು ನಿಂತಿತು, ಬಹುತೇಕ ಕಡೆ ಎಣಿಕೆ ಇಳಿಯಿತು ಇಲ್ಲವೇ ಇದ್ದಲ್ಲೇ ನಿಂತಿತು. ಆದರೆ 305/2 ಎಂಬ ಕೋಣೆಯಲ್ಲಿ, ಒಣಗುತ್ತ ಒಣಗುತ್ತಲೇ, ನಾಲ್ಕು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಲ್ಲಿ ಇಂಧನ ಅವಶೇಷದಡಿ ಹೂತಿದೆ. ಹೊಸ ಕಮಾನಿನಲ್ಲಿ ಅಂಥ ದ್ರಾವಣ ಸಿಂಪಡಿಸುವ ವ್ಯವಸ್ಥೆಯಿದ್ದರೂ ಅದು ಅಲ್ಲಿಗೆ ಸರಿಯಾಗಿ ತಲುಪದು.